ಹಣೆಗಾಜು

ಬಿಸಿಯಾದ ಧೂಳಿಗೆ ಒಂದು ವಾಸನೆಯಿರುತ್ತದೆ. ಅದರ ಜೊತೆಗೆ ಬೆಸುಗೆಯ ಹೊಗೆ, ಬೆವರಿದ ಅಂಗೈಯಲ್ಲಿ ಬೆಚ್ಚಗಾದ ಹಿತ್ತಾಳೆಯ ಟೋಕನ್, ಅಜ್ಜಿಯ ಡಬ್ಬಿಯೊಳಗಿನ ಬೇಯಿಸಿದ ಮೊಟ್ಟೆ. ಇವೆಲ್ಲ ಕಲೆತರೆ ಅಪ್ಪನ ವಿಡಿಯೋ ಗೇಮ್ ಅಂಗಡಿ. ಶಾಲೆ ಬಿಟ್ಟ ಕೂಡಲೆ ಮಗಳು ಬೆನ್ನಿನ ಚೀಲವನ್ನೂ ಇಳಿಸದೆ ಆ ವಾಸನೆಯೊಳಗೆ ನುಗ್ಗುತ್ತಿದ್ದಳು. ಬಾಗಿಲ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಅಜ್ಜಿ ಕೂತಿರುತ್ತಿದ್ದಳು. ದುಡ್ಡು ತೆಗೆದುಕೊಂಡು ಟೋಕನ್ ಕೊಡುವುದು ಅವಳ ಕೆಲಸ. ಆದರೆ ಟೋಕನ್ ಕೈಗೆ ಬೀಳುವ ಮುಂಚೆ ಪ್ರತಿ ಮಗುವೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. "ಊಟ ಆಯ್ತಾ?" ಇಲ್ಲ ಎಂದವರಿಗೆ ಡಬ್ಬಿಯಿಂದ ಅರ್ಧ ಮೊಟ್ಟೆ, ಒಂದು ಚೂರು ಬ್ರೆಡ್ಡು; ಅದನ್ನು ನುಂಗಿದ ಮೇಲೆ ಟೋಕನ್. ಆಯ್ತು ಎಂದು ಸುಳ್ಳು ಹೇಳಿದವರನ್ನು ಅವಳು ಹೇಗೋ ಪತ್ತೆಹಚ್ಚುತ್ತಿದ್ದಳು.

ಆ ಅಂಗಡಿ ಮುಚ್ಚಿ ವರ್ಷಗಳಾದವು. ವಾಸನೆ ಮಾತ್ರ ಈಗ ಮನೆಗೇ ಬಂದು ಸೇರಿದೆ, ಕೆಳಗಿನ ಅಜ್ಜಿಯ ಕೋಣೆಗೆ. ಅಜ್ಜಿಯೇ ಅಲ್ಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಅಪ್ಪ ಬೇರೆ ಊರುಗಳಲ್ಲಿ ಮುಚ್ಚುತ್ತಿದ್ದ ಅಂಥದೇ ಅಂಗಡಿಗಳಿಂದ ಹಳೆಯ ಯಂತ್ರಗಳನ್ನು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಹೋಟೆಲಿನವರು, ತಮ್ಮ ಬಾಲ್ಯವನ್ನು ಮನೆಯ ಮೂಲೆಯಲ್ಲಿ ನಿಲ್ಲಿಸಿಕೊಳ್ಳಬೇಕೆನ್ನುವ ದುಡ್ಡಿದ್ದವರು ಬಂದು ಒಯ್ಯುತ್ತಿದ್ದರು. ಆಮೇಲೆ ಅವರು ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಯಂತ್ರಗಳನ್ನಿಡುತ್ತಿದ್ದ ಬಾಡಿಗೆ ಗೋದಾಮಿನ ಮಾಲೀಕ ಜಾಗ ಬಿಡಿಸಿಕೊಂಡಾಗ ಉಳಿದ ಏಳು ಯಂತ್ರಗಳು ಮನೆಗೆ ಬಂದವು.

"ಹತ್ತು ದಿನ, ಅಷ್ಟೇ," ಎಂದಿದ್ದ ಅಪ್ಪ.

"ಇಟ್ಕೊಳ್ಳೋ. ನಾನು ಮೇಲೆ ಮೊಮ್ಮಗಳ ಜೊತೆ ಮಲಗ್ತೀನಿ. ಅವಳ ಗೊರಕೆ ಕೇಳದೆ ಬಹಳ ದಿನ ಆಯ್ತು," ಎಂದು ಅಜ್ಜಿಯೇ ತನ್ನ ದಿಂಬು ಎತ್ತಿಕೊಂಡಿದ್ದಳು.

ಹತ್ತು ದಿನ ಹೋಗಿ ಚಳಿಗಾಲ ಬಂತು, ಚಳಿಗಾಲವೂ ಹೋಯಿತು. ಒಂದು ಬೆಳಿಗ್ಗೆ ಮುಖ ತೊಳೆಯಲು ಕೆಳಗಿಳಿಯುತ್ತಿದ್ದ ಅಜ್ಜಿ ಕಡಿದಾದ ಮೆಟ್ಟಿಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು.

ಆಪರೇಷನ್ ಆಗಿ, ಅಜ್ಜಿ ಆಸ್ಪತ್ರೆಯ ಮಂಚದಲ್ಲಿ ದಿಂಬಿಗೊರಗಿ ಕೂರುವಂತಾದ ದಿನ ಸೋದರತ್ತೆ ಮಾತು ತೆಗೆದಳು. ಅವಳು ಅಪ್ಪನಿಗೆ ಅಕ್ಕ. ಜೋರು ಬಾಯಿ, ಆದರೆ ಹಣ್ಣು ಸುಲಿಯುವಾಗ ನಾರೂ ಉಳಿಯದ ಹಾಗೆ ಸುಲಿದು ತಾಯಿಯ ಬಾಯಿಗಿಡುವವಳು.

"ನಡೆಯೋದು ಕಲಿಸಿ ಕೆಲವು ವಾರದಲ್ಲಿ ಮನೆಗೆ ಕಳಿಸ್ತಾರಂತೆ. ಮೆಟ್ಟಿಲು ಹತ್ತೋ ಹಾಗೇ ಇಲ್ಲ. ಎಲ್ಲಿ ಮಲಗಿಸ್ತೀಯಪ್ಪಾ? ಆ ನಿನ್ನ ಡಬ್ಬಗಳ ಮೇಲಾ?"

"ಅಷ್ಟರೊಳಗೆ ಕೋಣೆ ಖಾಲಿ ಮಾಡ್ತೀನಕ್ಕ."

"ಹತ್ತು ದಿನ ಅಂದಿದ್ದೆಯಲ್ಲ, ಅದೇ ಇನ್ನೂ ಮುಗೀಲಿಲ್ಲ ನೋಡು. ಅಮ್ಮನ್ನ ಕರ್ಕೊಂಡು ಬರೋ ದಿನ ಆ ಕೋಣೇಲಿ ಒಂದು ಯಂತ್ರ ಕಂಡ್ರೂ ನಾನು ಅಲ್ಲಿಂದಲೇ ನಮ್ಮನೆಗೆ ಗಾಡಿ ತಿರುಗಿಸ್ತೀನಿ. ಆಮೇಲೆ ವಾಪಸ್ ಕಳಿಸ್ತೀನಿ ಅಂತ ಕಾಯ್ಬೇಡ."

"ನಾನೇನು ಸಾಮಾನಾ? ಆ ಕಡೆ ಇಡೋಣ, ಈ ಕಡೆ ಇಡೋಣ ಅಂತೀರಲ್ಲ," ಎಂದಳು ಅಜ್ಜಿ.

"ಸರಿ ಹೇಳಮ್ಮ, ನೀನೇ ಹೇಳು. ಎಲ್ಲಿರ್ತೀಯ?"

"ನನ್ನ ಕಿಟಕಿ ಹತ್ರ."

ಕೆಳಗಿನ ಕೋಣೆಯ ಆ ಕಿಟಕಿ ಬೀದಿಗೆ ತೆರೆಯುತ್ತದೆ. ಎದುರಿನ ಬೀಗದ ಅಂಗಡಿಯವನು, ಪೇಪರ್ ಹಾಕುವವನು, ಶಾಲೆಗೆ ತಡವಾಗಿ ಓಡುವ ಮಕ್ಕಳು ಎಲ್ಲರೂ ಆ ಕಿಟಕಿಯ ಮುಂದೆ ಒಂದು ಮಾತಾಡಿ ಹೋಗುತ್ತಿದ್ದರು.

"ನಮ್ಮನೇಲೂ ಕಿಟಕಿ ಇದೆ. ಏಳನೇ ಮಹಡಿ, ಒಳ್ಳೇ ಗಾಳಿ ಬರುತ್ತೆ."

"ನಿನ್ನ ಕಿಟಕೀಲಿ ಆಕಾಶ ಬಿಟ್ರೆ ಏನಿದೆ ಮಗಳೇ? ಹೇಗೂ ಅಲ್ಲಿಗೆ ಹೋಗೋದು ಇದ್ದೇ ಇದೆ. ಈಗಲೇ ಯಾಕೆ ಅವಸರ?"

ಪಕ್ಕದ ಮಂಚದ ರೋಗಿ ಕೂಡ ನಕ್ಕಳು. ಅಪ್ಪ ಮಾತ್ರ ನಗಲಿಲ್ಲ. ಅವನು ತಾಯಿಯ ಕಾಲ ಮೇಲಿನ ಹೊದಿಕೆಯನ್ನು ಸರಿಮಾಡಿ, ಸರಿಯಾಗಿದ್ದದ್ದನ್ನೇ ಮತ್ತೆ ಸರಿಮಾಡಿ, ಎದ್ದು ಹೊರಟ.

ಮನೆಯಲ್ಲಿ ಅಮ್ಮ ಅಪ್ಪನಿಗೆ ಬಡಿಸುವುದನ್ನು ನಿಲ್ಲಿಸಿದ್ದಳು. ಅಡುಗೆ ಮಾಡುವಳು, ತನಗೂ ಮಗಳಿಗೂ ಹಾಕುವಳು, ಅಪ್ಪನ ತಟ್ಟೆಗೂ ಹಾಕಿ ಮೇಲೊಂದು ಮುಚ್ಚಳವಿಟ್ಟು ಒಲೆಯ ಪಕ್ಕಕ್ಕೆ ಸರಿಸುವಳು. ಅಜ್ಜಿ ಬಿದ್ದ ದಿನದಿಂದ ಹೀಗೆ.

"ತಟ್ಟೆ ಮುಚ್ಚಿಟ್ಟಿದೀನಿ ಅಂತ ಹೇಳು ನಿಮ್ಮಪ್ಪಂಗೆ."

"ಅಮ್ಮಾ, ಅಪ್ಪ ಇಲ್ಲೇ ನಿಂತಿದಾನೆ."

"ಕೇಳಿಸಿದ್ರೆ ಒಳ್ಳೇದೇ ಆಯ್ತು."

ಅಪ್ಪ ತಣ್ಣಗಾದ ತಟ್ಟೆಯನ್ನು ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋಗಿ, ಕುಸ್ತಿ ಯಂತ್ರದ ಮೇಲೆ ಇಟ್ಟುಕೊಂಡು ನಿಂತೇ ತಿನ್ನುತ್ತಿದ್ದ. ಆಮೇಲೆ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ. ಮನೆಯವರು ಆ ಯಂತ್ರಗಳಿಗೆ ತಮ್ಮದೇ ಹೆಸರಿಟ್ಟಿದ್ದರು: ಕುಸ್ತಿ, ಕಾರು, ಹಕ್ಕಿ, ಸಮುದ್ರ, ಹೀಗೆ. ದಿನಾ ಸಂಜೆ ಅಪ್ಪ ಒಂದೊಂದನ್ನೂ ಸ್ವಲ್ಪ ಹೊತ್ತು ಹಚ್ಚಿಡಬೇಕು. ಸುಮ್ಮನೆ ನಿಲ್ಲಿಸಿದರೆ ಒಳಗೆ ತೇವ ಕೂತು ಸತ್ತುಹೋಗುತ್ತವೆ ಎನ್ನುತ್ತಿದ್ದ. ಆಗ ಗೋಡೆಯಾಚೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅಮ್ಮನಿಗೆ ಗುಂಡಿನ ಸದ್ದು, ಗಾಜು ಒಡೆಯುವ ಸದ್ದು, ಯಾರೋ ಗೆದ್ದ ಸಂಗೀತ ಕೇಳಿಸುತ್ತಿತ್ತು.

"ಇವಕ್ಕೆ ಹೊತ್ತಿಗೆ ಸರಿಯಾಗಿ ಉಪಚಾರ," ಎನ್ನುತ್ತಿದ್ದಳು ಈರುಳ್ಳಿಗೆ. "ಮನುಷ್ಯರಿಗೆ ಮೆಟ್ಟಿಲು."

ಅಮ್ಮನ ಕೆಲಸ ಎರಡು ಬೀದಿಯಾಚೆಯ ಲಾಂಡ್ರಿಯಲ್ಲಿ, ಕಲೆ ತೆಗೆಯುವ ಮೇಜಿನಲ್ಲಿ. ಶಾಯಿ, ಎಣ್ಣೆ, ತುಕ್ಕು, ರಕ್ತ, ಯಾವುದಕ್ಕೆ ಯಾವ ಬಾಟಲಿ ಎಂಬುದು ಅವಳ ಬೆರಳುಗಳಿಗೇ ಗೊತ್ತು. ಮಗಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಒಂದು ದಿನ ಅಂಗಿಯ ತೋಳಿಗೆ ಶಾಯಿ ಮೆತ್ತಿಸಿಕೊಂಡು ಬಂದು ನಲ್ಲಿಯ ಕೆಳಗೆ ಉಜ್ಜುತ್ತಿದ್ದಾಗ ಅಮ್ಮ ಅಂಗಿಯನ್ನು ಕಿತ್ತುಕೊಂಡಳು.

"ಎದುರಿನಿಂದ ಉಜ್ಜಿದ್ರೆ ಕಲೆ ಇನ್ನೂ ಒಳಗೆ ಇಳಿಯುತ್ತೆ ಕಣೇ. ತಿರುಗಿಸು. ಯಾವತ್ತೂ ಹಿಂಬದಿಯಿಂದ ತಳ್ಳಬೇಕು. ಬಂದ ದಾರೀಲೇ ವಾಪಸ್ ಹೋಗುತ್ತೆ."

ಬಟ್ಟೆ ತಿರುಗಿಸಿ, ನಾಲ್ಕು ಹನಿ ಹಾಕಿ, ತಾಳ್ಮೆಯಿಂದ ಕಾದು, ಹತ್ತಿಯಿಂದ ಒತ್ತಿದಳು. ಕಲೆ ಹೋಯಿತು. ಆ ಒಂದು ಗಳಿಗೆ ಅವಳ ಮುಖದ ಗಂಟೂ ಸಡಿಲಾಗಿತ್ತು.

ಯಂತ್ರಗಳ ಫೋಟೋ ತೆಗೆದು ಫೋನಿನಲ್ಲಿ ಜಾಹೀರಾತು ಹಾಕುವುದು ಮಗಳ ಪಾಲಿಗೆ ಬಂದಿತ್ತು. "ಇದೆಯಾ?" ಎಂದು ಕೇಳುವವರು ಬೇಕಾದಷ್ಟು ಜನ, ಇದೆ ಎಂದ ಮೇಲೆ ಉಸಿರೆತ್ತುವವರಿಲ್ಲ. ಒಬ್ಬ ಮಗನ ಹುಟ್ಟುಹಬ್ಬಕ್ಕೆ ಅರ್ಧ ದಿನದ ಮಟ್ಟಿಗೆ ಬಾಡಿಗೆಗೆ ಕೇಳಿದ. ಇನ್ನೊಬ್ಬಳು ಒಳಗಿನದೆಲ್ಲ ತೆಗೆದು ಬರೀ ಮರದ ಪೆಟ್ಟಿಗೆ ಕೊಡಿ, ಚಪ್ಪಲಿ ಇಡೋಕೆ ಚೆನ್ನಾಗಿರುತ್ತೆ ಎಂದಳು. ಯಾವುದೋ ಚಿತ್ರೀಕರಣದವರು ಸುತ್ತಿಗೆಯಿಂದ ಒಡೆಯುವುದಕ್ಕೆ ಒಂದು ಬೇಕು, ಕೆಟ್ಟಿದ್ದರೂ ಪರವಾಗಿಲ್ಲ ಎಂದಾಗ ಅಪ್ಪ ಫೋನನ್ನು ಮಗಳ ಕೈಯಿಂದ ತೆಗೆದುಕೊಂಡು, "ಮೊದಲು ನಿಮ್ಮ ಕ್ಯಾಮೆರಾ ಒಡೆದು ತೋರಿಸಿ," ಎಂದು ಇಟ್ಟುಬಿಟ್ಟ.

ನಿಜವಾಗಿ ಮನೆಗೆ ಬಂದವನು ಒಬ್ಬ ಹೋಟೆಲ್ ಮ್ಯಾನೇಜರ್. ಅಪ್ಪನದೊಂದು ಪದ್ಧತಿ: ಕೊಳ್ಳುವವನು ಮೊದಲು ಒಂದು ಆಟ ಆಡಬೇಕು, ಅಪ್ಪನ ಎದುರು. ಆಡದೆ ಬೆಲೆ ಕೇಳುವವನು ಕೊಳ್ಳುವವನಲ್ಲ ಎಂದು ಅವನ ನಂಬಿಕೆ. ಮ್ಯಾನೇಜರ್ ಕೋಟು ಬಿಚ್ಚಿ ಕುಸ್ತಿಗೆ ನಿಂತ. ಅಪ್ಪ ಅವನನ್ನು ಮೂರು ಸಲ ನೆಲಕ್ಕೆ ಕೆಡವಿದ. ಮ್ಯಾನೇಜರ್ ಕೋಟು ಹಾಕಿಕೊಂಡು, ಯೋಚನೆ ಮಾಡಿ ಹೇಳ್ತೀನಿ ಎಂದು ಹೋದ.

"ಒಂದು ಸಲ ಸೋಲೋಕೆ ಏನಾಗಿತ್ತು ನಿಂಗೆ?" ಮಗಳು ಸಿಡುಕಿದಳು.

"ಸೋತ್ರೆ ಗುಂಡಿ ಕೆಟ್ಟಿದೆ ಅಂದ್ಕೋತಿದ್ದ."

"ಅಪ್ಪಾ, ಅಜ್ಜಿ ಕೋಣೆ ಖಾಲಿ ಆಗ್ಬೇಕು. ನಿಂಗೆ ಪ್ರಶಸ್ತಿ ಬರ್ಬೇಕಾಗಿಲ್ಲ."

ಅಪ್ಪ ತಲೆ ತಗ್ಗಿಸಿ ಗುಂಡಿಗಳ ಮೇಲಿನ ಬೆರಳ ಗುರುತು ಒರೆಸಿದ.

ಮಾರನೆಯ ವಾರ ಬಂದವನು ಇಕ್ಕಳ. ಅವನ ನಿಜವಾದ ಹೆಸರನ್ನು ಅಪ್ಪನೂ ಮರೆತಿದ್ದ. ಜೇಬಿನಲ್ಲಿ ಸದಾ ಇಕ್ಕಳ ಇರುವುದರಿಂದ ಎಲ್ಲರಿಗೂ ಇಕ್ಕಳ. ಹಳೆಯ ಯಂತ್ರಗಳನ್ನು ಬಿಚ್ಚಿ ಬಿಡಿಭಾಗ ಮಾರುವುದು ಅವನ ಕಸುಬು.

"ಏನು ಟೋಕನ್ ಮಾಮ," ಎಂದ, ಹಿಂದೆ ಮಕ್ಕಳು ಕರೆಯುತ್ತಿದ್ದ ಹಾಗೆ. "ಇಡೀ ಯಂತ್ರ ಕೊಳ್ಳೋ ಕಾಲ ಹೋಯ್ತು. ನನಗೆ ಕೊಡು. ಒಂದರ ಪರದೆ ಅಲ್ಲಿಗೆ, ಬೋರ್ಡು ಇಲ್ಲಿಗೆ. ಒಂದು ಸತ್ರೆ ನಾಲ್ಕು ಬದುಕುತ್ತೆ."

"ಬದುಕಿರೋದನ್ನ ಕೊಯ್ಯೋ ಕೆಲಸ ನನ್ನದಲ್ಲ."

"ನಿನ್ನ ಕೈಯಲ್ಲಿ ಬದುಕಿವೆ, ಸರಿ. ಯಾರಿಗೆ ಬೇಕಾಗಿ?" ಎಂದ ಇಕ್ಕಳ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ದನಿ ತಗ್ಗಿಸಿ, "ನಿಮ್ಮ ತಾಯಿ ಹೇಗಿದಾರೆ? ಅವರ ಕೈಯಿಂದ ಎಷ್ಟು ಮೊಟ್ಟೆ ತಿಂದಿದೀನೋ," ಎಂದು ಕೇಳಿ ಹೋದ.

ಅಜ್ಜಿ ವಾಕರ್ ಚೌಕಟ್ಟು ಹಿಡಿದು ವಾರ್ಡಿನ ಬಾಗಿಲವರೆಗೆ ಹೋಗಿಬರುವಷ್ಟಾದಾಗ ಕಾಫಿ ಅಂಗಡಿಯ ಹುಡುಗ ಬಂದ. ಹುಡುಗನೆಂದರೆ ಮೂವತ್ತರ ಆಸುಪಾಸು. ಕುರುಚಲು ಗಡ್ಡ, ದೊಡ್ಡ ಕಣ್ಣು. ಎರಡನೆಯ ಕಾಫಿ ಅಂಗಡಿ ತೆರೆಯುವವನಿದ್ದ. ಕೋಣೆಯೊಳಗೆ ಕಾಲಿಟ್ಟವನೇ ಸಮುದ್ರದ ಯಂತ್ರದ ಮುಂದೆ ನಿಂತುಬಿಟ್ಟ.

ಪ್ರತಿ ಯಂತ್ರದ ನೆತ್ತಿಯಲ್ಲೂ ಒಂದು ಉದ್ದನೆಯ ಗಾಜಿರುತ್ತದೆ. ಗಾಜಿನ ಮೇಲೆ ಆಟದ ಚಿತ್ರ, ಹಿಂದೆ ಒಂದು ದೀಪ. ಅಪ್ಪ ಅದನ್ನು ಹಣೆಗಾಜು ಎನ್ನುತ್ತಿದ್ದ. ಉಳಿದ ಯಂತ್ರಗಳವು ಒಡೆದೋ ಮಾಸಿಯೋ ಹೋಗಿ ಹೊಸದಾಗಿ ಹಾಕಿಸಿದವು. ಸಮುದ್ರದ್ದು ಮಾತ್ರ ಮೊದಲಿನದೇ. ತಾಮ್ರದ ಟೋಪಿ ತೊಟ್ಟ ಒಬ್ಬ ಮುಳುಗುಗಾರ, ಅವನನ್ನು ಸುತ್ತುವರಿದ ಕಿತ್ತಳೆ ಬಣ್ಣದ ಆಕ್ಟೋಪಸ್, ಸುತ್ತಲೂ ಕಡು ನೀಲಿ.

"ಚಿಕ್ಕವನಿದ್ದಾಗ ಇದೇ ಆಟ ಆಡ್ತಿದ್ದೆ," ಎಂದ ಹುಡುಗ. "ಇದು ಅಸಲಿ ಗಾಜಲ್ವಾ? ಸ್ವಲ್ಪ ಮಂಕಾಗಿದೆ ಅಷ್ಟೇ."

ಆಡಿದ. ಅಪ್ಪ ಸೋತ. ಮಗಳು ನಂಬಲಾರದೆ ಅಪ್ಪನನ್ನು ನೋಡಿದಳು. ಅಪ್ಪ ಗೋಡೆಯನ್ನು ನೋಡುತ್ತಿದ್ದ. ಎಲ್ಲ ಯಂತ್ರಗಳನ್ನೂ ಒಮ್ಮೆ ಆಡಿ ನೋಡಿದ ಹುಡುಗ, ಸಮುದ್ರ ಹೊಸ ಅಂಗಡಿಯ ಬಾಗಿಲಿಗೇ, ಉಳಿದ ಆರೂ ಒಳಗಿನ ಕೋಣೆಗೆ, ಎಂದು ಗಾಳಿಯಲ್ಲಿ ಜಾಗ ತೋರಿಸಿದ. ಭಾನುವಾರ ಪಾಲುದಾರಳನ್ನು ಕರೆದುಕೊಂಡು ಬಂದು ಮಾತು ಮುಗಿಸುತ್ತೇನೆ ಎಂದ.

ಆ ಸಂಜೆ ಅಮ್ಮ ಮಗಳನ್ನು ಕೇಳಿದಳು, ಆದರೆ ಅಪ್ಪನಿಗೆ ಕೇಳಿಸುವಂತೆ. "ಏಳೂ ತಗೊಳ್ತಾನಂತಾ?"

"ಏಳೂ," ಎಂದ ಅಪ್ಪ.

"ಕಿಟಕಿ ಪರದೆ ಒಗೆದು ಹಾಕ್ಬೇಕು ಹಾಗಾದ್ರೆ, ಅತ್ತೆ ಕೋಣೇದು," ಎಂದಳು ಅಮ್ಮ. ತಟ್ಟೆಗೆ ಮುಚ್ಚಳ ಬಿತ್ತು, ಆದರೆ ಅದರ ಕೆಳಗೆ ಒಂದು ಮೊಟ್ಟೆ ಹೆಚ್ಚಿತ್ತು.

ಶನಿವಾರ ಮಧ್ಯಾಹ್ನ ಅಪ್ಪ ಸುದ್ದಿ ಹೇಳಲು ಆಸ್ಪತ್ರೆಗೆ ಹೋದ. ಲಾಂಡ್ರಿಗೆ ಅರ್ಧ ದಿನ ರಜೆ. ಅಮ್ಮ ಪರದೆ ಬಿಚ್ಚಲೆಂದು ಅಜ್ಜಿಯ ಕೋಣೆಗೆ ಹೋದಳು. ಯಂತ್ರಗಳು ಬಂದ ಮೇಲೆ ಅವಳು ಅಲ್ಲಿ ಕಾಲಿಟ್ಟದ್ದೇ ಕಡಿಮೆ. ಪರದೆ ಹೆಗಲ ಮೇಲೆ ಹಾಕಿಕೊಂಡು ಹೊರಡುವಾಗ ಕಣ್ಣು ಹಣೆಗಾಜಿನ ಮೇಲೆ ಬಿತ್ತು. ಮಂಕಾಗಿದೆ ಎಂದಿದ್ದನಲ್ಲ ಆ ಹುಡುಗ. ಹತ್ತಿರ ಹೋಗಿ ನೋಡಿದಳು. ಎಷ್ಟೋ ವರ್ಷಗಳ ಸಿಗರೇಟಿನ ಹೊಗೆ, ಹಳದಿ ಜಿಡ್ಡು. ಇದು ಕಲೆ. ಇದು ಅವಳ ಕೆಲಸ.

ಗಾಜನ್ನು ಪಕ್ಕಕ್ಕೆ ಜಾರಿಸಿ ಹೊರತೆಗೆಯುವುದನ್ನು ಅಪ್ಪ ಮಾಡುವಾಗ ನೋಡಿದ್ದಳು. ಊಟದ ಮೇಜಿನ ಮೇಲೆ ದಪ್ಪ ಟವೆಲು ಹಾಸಿ, ಅದನ್ನು ಮಗುವಿನಂತೆ ಮಲಗಿಸಿದಳು. ತನ್ನ ಚೀಲದಿಂದ ಬಾಟಲಿ ತಂದಳು. ಮುಂಬದಿಯನ್ನು ಒರೆಸಿದಾಗ ಹತ್ತಿ ಹಳದಿಯಾಯಿತು, ಮುಳುಗುಗಾರನ ಟೋಪಿ ಮಿರುಗಿತು. ಅವಳಿಗೇ ಗೊತ್ತಿಲ್ಲದಂತೆ ಗುನುಗತೊಡಗಿದ್ದಳು. ಭಾನುವಾರ ಅವನು ನೋಡಿ ಬೆರಗಾಗಲಿ. ಇವರೂ ನೋಡಲಿ.

ಮೂಲೆಯಲ್ಲಿ ಇನ್ನೂ ಸ್ವಲ್ಪ ಮಬ್ಬು ಉಳಿದಿತ್ತು. ಜಗ್ಗದ ಕಲೆಯೆದುರು ಅವಳ ಕೈ ಯಾವಾಗಲೂ ಏನು ಮಾಡುತ್ತದೋ ಅದನ್ನೇ ಮಾಡಿತು. ಗಾಜನ್ನು ತಿರುಗಿಸಿದಳು. ಹಿಂಬದಿ ತುಸು ಒರಟಾಗಿತ್ತು, ಹಳೆಯ ಕೊಳೆಯೆಂದುಕೊಂಡಳು. ಹಿಂಬದಿಯ ತುಂಬ ಹನಿ ಹಾಕಿದಳು, ತಾಳ್ಮೆಯಿಂದ ಕಾದಳು, ಉದ್ದಕ್ಕೆ ಒಮ್ಮೆ ಎಳೆದಳು.

ಹಾಲಿನ ಕೆನೆ ಬಂದ ಹಾಗೆ ನೀಲಿ ಎದ್ದು ಬಂತು. ಅದರ ಹಿಂದೆಯೇ ಕಿತ್ತಳೆ. ಹನಿಯನ್ನು ಹೀರಿಸಲೆಂದು ಹೊಸ ಹತ್ತಿ ಒತ್ತಿದಷ್ಟೂ ಬಣ್ಣ ಕಿತ್ತು ಬಂತು.

ಮಗಳು ಕೆಲಸದಿಂದ ಬಂದಾಗ ಅಮ್ಮ ಮೇಜಿನ ಮುಂದೆ ಕೂತಿದ್ದಳು. ಬಣ್ಣ ಮೆತ್ತಿದ ಹತ್ತಿಯನ್ನು ಒಂದೂ ಎಸೆಯದೆ ಸಾಲಾಗಿ ಇಟ್ಟಿದ್ದಳು, ಮತ್ತೆ ಅಂಟಿಸಬಹುದೇನೋ ಎಂಬಂತೆ.

"ಬಣ್ಣ ಹಿಂದಿತ್ತು," ಎಂದಳು. "ಗಾಜಿಗೆ ಯಾರಾದ್ರೂ ಹಿಂದೆ ಬಣ್ಣ ಬಳೀತಾರೇನೇ?"

ಮಗಳು ಗಾಜಿನ ಮೇಲೆ ಬಗ್ಗಿದಳು. ಅಷ್ಟರಲ್ಲಿ ಬಾಗಿಲ ಸದ್ದಾಯಿತು. ಅಪ್ಪನ ಕೈಯಲ್ಲಿ ಅಜ್ಜಿ ಮೊಮ್ಮಗಳಿಗೆಂದು ಕಳಿಸಿದ ಅರ್ಧ ಕಿತ್ತಳೆಹಣ್ಣು, ಆಸ್ಪತ್ರೆಯ ಕರವಸ್ತ್ರದಲ್ಲಿ ಸುತ್ತಿದ್ದು. ಮುಖದಲ್ಲಿ ಬಹಳ ದಿನಗಳಿಂದ ಕಾಣದ ಒಂದು ಹಗುರ. ಅದು ಮೇಜಿನ ಹತ್ತಿರ ಬರುವಷ್ಟರಲ್ಲಿ ಹೋಯಿತು.

ಗಾಜನ್ನೆತ್ತಿ ಬೆಳಕಿಗೆ ಹಿಡಿದ. ಮುಳುಗುಗಾರನ ಒಂದು ಕಾಲು, ಎರಡು ಗುಳ್ಳೆ ಉಳಿದಿದ್ದವು.

"ಹಿಂಬದಿಯಿಂದ ಒರೆಸಿದ್ಯಾ?"

"ಹೂಂ."

"ಕಲೆ ಹಾಗೇ ತಾನೇ ನೀನು ತೆಗೆಯೋದು," ಎಂದ ಅಪ್ಪ. ಆ ಮಾತಿನಲ್ಲಿ ಕುಟುಕಿರಲಿಲ್ಲ. ಅದನ್ನೇ ಅಮ್ಮನಿಗೆ ತಡೆಯಲಾಗಲಿಲ್ಲ.

"ಬಯ್ಯಿರಿ! ಬಾಯಿಗೆ ಬಂದ ಹಾಗೆ ಬಯ್ಯಿರಿ. ನಾನು ಇಷ್ಟು ದಿನ ನಿಮಗೆ ಅಂದದ್ದೆಲ್ಲ ಸೇರಿಸಿ ಬಯ್ಯಿರಿ."

ಅಪ್ಪ ಗಾಜನ್ನು ಟವೆಲಿನ ಮೇಲೆ ಮೆಲ್ಲಗೆ ಇಟ್ಟ.

"ಅಪ್ಪಾ, ಹೊಸದೊಂದು ಮಾಡಿಸಿದ್ರೆ?" ಎಂದಳು ಮಗಳು.

"ಅವನು ಕೇಳಿದ್ದು ಹಳೇದನ್ನ, ಪುಟ್ಟಿ." ಕಿತ್ತಳೆಯ ಗಂಟನ್ನು ಅವಳ ಕೈಗಿಟ್ಟು ಬೀದಿಗೆ ಹೋಗಿ ನಿಂತ.

ಭಾನುವಾರ ಕಾಫಿ ಅಂಗಡಿಯ ಹುಡುಗ ಪಾಲುದಾರಳೊಡನೆ ಬಂದ. ಅಪ್ಪ ಏನನ್ನೂ ಮುಚ್ಚಿಡಲಿಲ್ಲ. ಗಾಜನ್ನು ಮೊದಲಿದ್ದ ಜಾಗದಲ್ಲೇ ಸೇರಿಸಿ ದೀಪ ಹಚ್ಚಿದ್ದ. ನೆತ್ತಿಯಲ್ಲಿ ಬರೀ ಬಿಳಿ ಬೆಳಕು, ಒಂದು ಕಾಲು.

"ಅಯ್ಯೋ, ಇದಕ್ಕೇನಾಯ್ತು?" ಹುಡುಗನ ದನಿ ನಿಜವಾಗಿಯೂ ನೊಂದಿತ್ತು.

ಅಮ್ಮ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಾಯಿ ತೆರೆದಳು. ಅವಳಿಗಿಂತ ಮುಂಚೆ ಅಪ್ಪ ಹೇಳಿದ.

"ನಾನೇ. ನೀವು ಬರ್ತೀರಲ್ಲ, ಹೊಳೀಲಿ ಅಂತ ಒರೆಸೋಕೆ ಹೋದೆ. ಹಿಂದೆ ಬಣ್ಣ ಇರುತ್ತೆ ಅನ್ನೋದು ಮರೆತೇಹೋಯ್ತು."

ಹುಡುಗ ಆ ಒಂಟಿ ಕಾಲನ್ನು ಬೆರಳಿಂದ ಮುಟ್ಟಿದ. ಪಾಲುದಾರಳು ಅವನ ಕಿವಿಯ ಬಳಿ ಬಾಗಿದಳು. ಅವಳು ಮೆಲ್ಲಗೆ ಹೇಳಿದ್ದು ಕೋಣೆ ಚಿಕ್ಕದಾದ್ದರಿಂದ ಎಲ್ಲರಿಗೂ ಕೇಳಿಸಿತು. "ಇಷ್ಟು ವರ್ಷ ಇದೇ ಕೆಲಸ ಮಾಡಿದವರು ಹೀಗೆ ಮಾಡಿದಾರೆ ಅಂದ್ರೆ, ಒಳಗೆ ಏನೇನು ರಿಪೇರಿ ಮಾಡಿದಾರೋ. ಏಳನ್ನೂ ತಗೊಂಡು ಆಮೇಲೆ ಯಾರ ಹತ್ರ ಅಳೋದು?"

ಅಪ್ಪನ ಕಿವಿಗಳು ಕೆಂಪಾದವು. ಒಂದೇ ಒಂದು ಮಾತು ಸಾಕಿತ್ತು, ಅವನ ಕೈಕೆಲಸದ ಹೆಸರು ಉಳಿಯುತ್ತಿತ್ತು, ಆರು ಯಂತ್ರಗಳಾದರೂ ಹೋಗುತ್ತಿದ್ದವು. ಅವನು ಟೀ ಲೋಟಗಳನ್ನು ಅಮ್ಮನ ಕೈಯಿಂದ ತೆಗೆದುಕೊಂಡು ಬಂದವರಿಗೆ ಕೊಟ್ಟ. "ಬಿಸಿ ಇದೆ, ನಿಧಾನ," ಎಂದ.

ಅವರು ಟೀ ಕುಡಿದು, ಒಂದು ಯಂತ್ರವನ್ನೂ ಕೊಳ್ಳದೆ ಹೋದರು.

ಮರುದಿನ ಬೆಳಿಗ್ಗೆ ಅಮ್ಮ ಲಾಂಡ್ರಿಗೆ ಹೊರಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಇಷ್ಟು ವಾರಗಳಲ್ಲಿ ಮೊದಲ ಸಲ, ನಡುವೆ ಮಗಳಿಲ್ಲದೆ, ನೇರವಾಗಿ ಕೇಳಿದಳು.

"ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳೇನು ಬಂತು. ಯಂತ್ರ ನನ್ನದು. ಅವುಗಳಿಂದ ಏನಾದ್ರೂ ಅದು ನನ್ನದೇ."

"ಹಾಗಾದ್ರೆ ಮೆಟ್ಟಿಲ ಮೇಲೆ ಆದದ್ದು?"

ಅಪ್ಪ ಹಲ್ಲುಜ್ಜುವ ಬ್ರಷ್ಷನ್ನು ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸಿದ.

"ಅದೂ ನಂದೇ," ಎಂದ. "ಬಿದ್ದ ಸದ್ದು ಕೇಳಿದಾಗ ನಾನು ಹಕ್ಕಿ ಯಂತ್ರದ ಹಿಂದೆ ಬೆಸುಗೆ ಹಾಕ್ತಿದ್ದೆ. ಇದೊಂದು ಹಾಕಿ ಎದ್ದೇಳೋಣ ಅಂದ್ಕೊಂಡೆ. ಹಾಕಿಯೇ ಎದ್ದೆ."

ಅಮ್ಮ ಚೀಲ ಹೆಗಲಿಗೇರಿಸಿ ಹೊರಟಳು. ಬಾಗಿಲ ತನಕ ಹೋದವಳು ವಾಪಸ್ ಬಂದು, ಒಲೆಯ ಮೇಲೆ ಮರೆತಿದ್ದ ಹಾಲನ್ನು ಇಳಿಸಿ, ಮತ್ತೆ ಹೋದಳು.

ಅವಳು ಬೀದಿಯ ತಿರುವು ದಾಟುವ ಮೊದಲೇ ಅಪ್ಪ ಇಕ್ಕಳನಿಗೆ ಫೋನ್ ಮಾಡಿದ್ದ.

ಇಕ್ಕಳ ತನ್ನ ಗಾಡಿ ತಂದ. ಅಪ್ಪ ಒಂದೇ ಷರತ್ತು ಹಾಕಿದ: ಬಿಚ್ಚುವುದು ತಾನೇ. ಬಾಗಿಲಿಗೆ ಹತ್ತಿರವಿದ್ದ ಕುಸ್ತಿ ಮೊದಲು. ಅಪ್ಪ ಅದನ್ನು ಕೊನೆಯ ಸಲ ಹಚ್ಚಿ, ಆರಿಸಿ, ಹಿಂಬಾಗಿಲು ತೆಗೆದ. ಪರದೆ, ಬೋರ್ಡು, ಗುಂಡಿಗಳು, ಹಿಡಿಕೋಲು, ತಂತಿಯ ಸಿಂಬಿ. ಪ್ರತಿಯೊಂದನ್ನೂ ಹಳೆಯ ಟವೆಲಿನಲ್ಲಿ ಸುತ್ತಿ ಇಕ್ಕಳನ ಕೈಗೆ ಕೊಟ್ಟ. ಇಕ್ಕಳ ಒಂದು ತಮಾಷೆಯನ್ನೂ ಮಾಡಲಿಲ್ಲ, ಬೆಲೆಯಲ್ಲಿ ಎಳೆದಾಡಲೂ ಇಲ್ಲ. ಸಂಜೆ ಹೋಗುವಾಗ ಮರದ ಹುಡಿಯನ್ನು ತಾನೇ ಗುಡಿಸಿದ.

"ಬಿಡಪ್ಪ, ನಾನು ಗುಡಿಸ್ತೀನಿ," ಎಂದ ಅಪ್ಪ.

"ನಿನ್ನ ಬೆನ್ನಿಗೆ ನಿನ್ನ ವಯಸ್ಸೇ ಸಾಕು ಮಾಮ. ಒಂದು ಕೇಳ್ಲಾ? ನನ್ನ ಶೆಡ್ಡಿನಲ್ಲಿ ಇಷ್ಟು ನಾಜೂಕಾಗಿ ಬಿಚ್ಚೋರು ಯಾರೂ ಇಲ್ಲ. ಬರೋ ಸೋಮವಾರದಿಂದ ಬಾ. ದಿನಗೂಲಿ ಅಂತ ಬೇಜಾರು ಮಾಡ್ಕೋಬೇಡ."

ಅಪ್ಪ ಬರುತ್ತೇನೆ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಮುಂದಿನ ದಿನಗಳಲ್ಲಿ ಗೋಡೆಯಾಚೆಯಿಂದ ಅಮ್ಮನಿಗೆ ಗುಂಡಿನ ಸದ್ದು ಕೇಳಿಸಲಿಲ್ಲ. ತಿರುಪುಗಳು ಒಂದೊಂದಾಗಿ ಡಬ್ಬಿಗೆ ಬೀಳುವ ಸದ್ದು ಮಾತ್ರ. ಈರುಳ್ಳಿಗೆ ಹೇಳುವುದಕ್ಕೂ ಅವಳ ಬಳಿ ಮಾತಿರಲಿಲ್ಲ. ತಟ್ಟೆಗೆ ಮುಚ್ಚಳ ಹಾಕುವುದು ಮಾತ್ರ ಮುಂದುವರಿಯಿತು. ಕೈಗೆ ಅದು ಅಭ್ಯಾಸವಾಗಿಬಿಟ್ಟಿತ್ತು, ಯಾವತ್ತು ನಿಲ್ಲಿಸುವುದೆಂದು ಅದಕ್ಕೆ ತಿಳಿಯಲಿಲ್ಲ.

ಕೊನೆಗೆ ಕೋಣೆ ಖಾಲಿಯಾಯಿತು. ನೆಲದ ಮೇಲೆ ಏಳು ಚೌಕದ ಗುರುತು. ಅಮ್ಮ ಮಂಡಿಯೂರಿ ಅವನ್ನು ಉಜ್ಜಿದಳು, ಮಗಳು ಪರದೆ ಹಾಕಿದಳು, ಇಬ್ಬರೂ ಸೇರಿ ಮಂಚವನ್ನು ಕಿಟಕಿಗೆ ತಾಗಿಸಿದರು. ಇಕ್ಕಳನಿಗೆ ಬೇಡವಾದದ್ದು ಒಂದೇ, ಸಮುದ್ರದ ಹಣೆಗಾಜು. ಅಪ್ಪ ಅದನ್ನು ದೀಪದ ಪೆಟ್ಟಿಗೆಯ ಸಮೇತ ಕತ್ತರಿಸಿ ತೆಗೆದು, ಅಜ್ಜಿಯ ತಲೆದೆಸೆಯಲ್ಲಿ, ಮಲಗಿದಲ್ಲಿಂದಲೇ ಕೈಗೆ ಸ್ವಿಚ್ ಸಿಗುವಷ್ಟು ಎತ್ತರದಲ್ಲಿ ಗೋಡೆಗೆ ಕೂರಿಸಿದ.

ಸೋದರತ್ತೆ ಅಜ್ಜಿಯನ್ನು ಕರೆತಂದಾಗ ಗಾಡಿಯ ಎಂಜಿನ್ ಆರಿಸಲಿಲ್ಲ. "ನೀನು ಕೂತಿರಮ್ಮ, ನಾನು ಮೊದಲು ನೋಡ್ಕೊಂಡು ಬರ್ತೀನಿ," ಎಂದು ಒಳಗೆ ಬಂದಳು. ಅವಳ ಕಂಕುಳಲ್ಲಿ ತನ್ನ ಮನೆಯ ಮಂಚಕ್ಕೆಂದು ಕೊಂಡ ಹೊಸ ಕಂಬಳಿಯಿತ್ತು. ಬಾಗಿಲಲ್ಲಿ ನಿಂತು ನಾಲ್ಕೂ ಗೋಡೆ ನೋಡಿದಳು.

"ಎಲ್ಲಾ ಮಾರಿದ್ನಾ?"

"ಬಿಚ್ಚಿ ಕೊಟ್ರು ಅಕ್ಕ," ಎಂದಳು ಅಮ್ಮ. "ಅವರೇ ಬಿಚ್ಚಿದ್ರು."

ಸೋದರತ್ತೆ ಬಗ್ಗಿ ನೆಲವನ್ನು ಸವರಿದಳು. "ನೆಲ ಚೆನ್ನಾಗಿ ಉಜ್ಜಿದೀಯ," ಎಂದಷ್ಟೇ ಹೇಳಿ, ಕಂಬಳಿಯನ್ನು ಮಂಚದ ಕಾಲ್ದೆಸೆಯಲ್ಲಿ ಮಡಿಸಿಟ್ಟು, ಎಂಜಿನ್ ಆರಿಸಲು ಹೋದಳು.

ಅಜ್ಜಿ ಚೌಕಟ್ಟು ಹಿಡಿದು ಒಂದೊಂದೇ ಹೆಜ್ಜೆಯಿಟ್ಟು ಒಳಬಂದಳು. ಕಿಟಕಿ ತೆರೆಸಿಕೊಂಡಳು. ಎದುರಿನ ಬೀಗದ ಅಂಗಡಿಯವನು ಕೈಯೆತ್ತಿದ. ಆಮೇಲೆ ಅವಳು ತಲೆಯೆತ್ತಿ ದೀಪ ನೋಡಿದಳು.

"ಯಾರದಿದು ಕಾಲು?"

"ಮುಳುಗುಗಾರನದು, ಅಜ್ಜಿ," ಎಂದಳು ಮಗಳು.

"ಪಾಪ. ಪೂರ್ತಿ ಮುಳುಗಿಹೋದ."

ಅಮ್ಮನಿಗೆ ನಗು ಬಂತು. ತಡೆಯಲು ಸೆರಗು ಹುಡುಕುವಂತೆ ಪರದೆಯ ಅಂಚನ್ನೇ ಬಾಯಿಗೆ ಒತ್ತಿಕೊಂಡಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಸೋದರತ್ತೆಗೆ ತಿಳಿಯಲಿಲ್ಲ. ಅವಳು ಅಮ್ಮನ ಬೆನ್ನ ಮೇಲೆ ಕೈಯಿಟ್ಟು ಬೀದಿಯ ಕಡೆ ನೋಡುತ್ತ ನಿಂತಳು.

ಊಟದ ಹೊತ್ತಾಯಿತು. ಅಜ್ಜಿಗೆ ಮೆತ್ತಗಿನ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಅರ್ಧ ಮೊಟ್ಟೆ ತಿಂದವಳು ಕೈ ನಿಲ್ಲಿಸಿದಳು.

"ಅವನದು ಊಟ ಆಯ್ತಾ?"

"ತಟ್ಟೆ ಮುಚ್ಚಿಟ್ಟಿದೀನಿ ಅತ್ತೆ."

ಅಜ್ಜಿ ಹಿಂದೆ ಆ ಎತ್ತರದ ಸ್ಟೂಲಿನ ಮೇಲಿಂದ ಮಕ್ಕಳನ್ನು ನೋಡುತ್ತಿದ್ದ ಹಾಗೆ ಸೊಸೆಯನ್ನು ಒಂದು ಗಳಿಗೆ ನೋಡಿ, ಉಳಿದ ಅರ್ಧ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು.

ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಮುಂದೆ ತಿರುಪುಗಳ ಡಬ್ಬಿ. ಉದ್ದದ್ದು, ಗಿಡ್ಡದ್ದು ಬೇರೆ ಬೇರೆ ಮಾಡುತ್ತಿದ್ದ. ಪಕ್ಕದಲ್ಲಿ ಸೋಮವಾರಕ್ಕೆಂದು ಒರೆಸಿಟ್ಟ ಸ್ಕ್ರೂಡ್ರೈವರುಗಳು. ತಾಯಿ ಬಂದಾಗ ಅವಳನ್ನು ಹಿಡಿದು ಗಾಡಿಯಿಂದ ಇಳಿಸಿದವನು ಕೋಣೆಯೊಳಗೆ ಮಾತ್ರ ಬಂದಿರಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ ಮುಚ್ಚಳ ತೆಗೆದಳು. ಅನ್ನ ತಣ್ಣಗಾಗಿ ಗಟ್ಟಿಯಾಗಿತ್ತು. ಅದನ್ನು ಪಾತ್ರೆಗೆ ಹಾಕಿ, ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿದಳು. ಬೇಳೆಯನ್ನೂ ಬಿಸಿ ಮಾಡಿದಳು. ಅಜ್ಜಿಯ ತಟ್ಟೆಯ ಅರ್ಧ ಮೊಟ್ಟೆಯನ್ನು ಮೇಲಿಟ್ಟಳು. ಅವನ ಕೈ ಎಣ್ಣೆ ಮಸಿಯಾಗಿರುತ್ತದೆಂದು ನೆನಪಾಗಿ ಒಂದು ಚಮಚ ಹುಡುಕಿದಳು.

ಮೆಟ್ಟಿಲ ಬಳಿ ಬಂದು ತಟ್ಟೆಯನ್ನು ಚಾಚಿ ನಿಂತಳು. ಅಪ್ಪ ತಲೆಯೆತ್ತಿದ. ಆವಿ ಅವನ ಮುಖಕ್ಕೆ ತಾಗಿತು. ಅವನು ಕೈಯಲ್ಲಿದ್ದ ತಿರುಪನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದ. ಅಮ್ಮ ಇನ್ನೊಂದು ಕೈಯನ್ನು ಒಡ್ಡಿ ತಿರುಪನ್ನು ಇಸಿದುಕೊಂಡಳು, ತಟ್ಟೆಯನ್ನು ಅವನ ಕೈಗೆ ಕೊಟ್ಟಳು.